ಕ್ರಿಯಾಪದದ ಪಕ್ಕದ ಕುರ್ಚಿ

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯ ಕ್ಯಾಂಟೀನಿನಲ್ಲಿ
ಗುರುವಾರ ರಾತ್ರಿ ಏಳಕ್ಕೆ ನನ್ನ ಇಂಗ್ಲಿಷ್ ಪಾಠ.
ಪಾಳಿ ಮುಗಿಸಿ ಬರುತ್ತಾರೆ. ಎಷ್ಟು ಕೈ ತೊಳೆದರೂ
ನೋಟುಬುಕ್ಕಿಗೆ ಹ್ಯಾಡಕ್ ಮೀನಿನ ವಾಸನೆ.

ಇವತ್ತು ಕ್ರಿಯಾವಿಶೇಷಣ.
ಸಂಬಳ ಏರಿಸಿ ಎಂದು ವೈದೋತಾಸ್ ಬರೆದ ಅರ್ಜಿ
ಮೇಲ್ವಿಚಾರಕನ ಬೋರ್ಡಿನಲ್ಲಿ ಪಿನ್ನು ಚುಚ್ಚಿಸಿಕೊಂಡು
ವಾರದಿಂದ ನಗೆಪಾಟಲು:
'ಹನ್ನೊಂದು ವರ್ಷದಿಂದ ನಾನು ಹಾರ್ಡ್ಲಿ ಕೆಲಸ ಮಾಡುತ್ತಿದ್ದೇನೆ.'
ಸ್ಲೋಗೆ ಬಾಲ ಹಚ್ಚಿದರೆ ಸ್ಲೋಲಿ, ಸರಿ.
ಹಾರ್ಡ್‌ಗೂ ಅದೇ ಬಾಲ ಹಚ್ಚಿದಿರೋ
ಬೆನ್ನು ಮುರಿದ ದುಡಿಮೆ ಇದ್ದಕ್ಕಿದ್ದಂತೆ
ಮೈಗಳ್ಳತನ.
ಅವನು ಬೆರಳು ನೋಡಿಕೊಂಡ. ಚಾಕು ತಾಗಿದಲ್ಲೆಲ್ಲ ನೀಲಿ ಪ್ಲಾಸ್ಟರು.
'ಎರಡೇ ಅಕ್ಷರಕ್ಕಾ?'
ಎರಡೇ ಅಕ್ಷರಕ್ಕೆ, ಎಂದೆ.

ಆಮೇಲೆ ಆಲ್‌ವೇಸ್, ಆಫನ್, ಯೂಶ್ವಲಿ, ನೆವರ್.
ಇವಕ್ಕೆ ಕ್ರಿಯಾಪದದ ಪಕ್ಕದ ಕುರ್ಚಿಯೇ ಆಗಬೇಕು,
ಬೀಗರ ಹಾಗೆ. ಜಾಗ ತಪ್ಪಿದರೆ ಮುನಿಸು.
'ನಾನು ಆಲ್‌ವೇಸ್ ಚಹಾ ಕುಡಿಯುತ್ತೇನೆ,' ಹೇಮಿನ್.
'ನನ್ನ ಗಂಡ ನೆವರ್ ಪಾತ್ರೆ ತೊಳೆಯುತ್ತಾನೆ,' ದೈನೋರಾ;
ಜಾಗವೂ ಪಕ್ಕಾ, ಸಿಟ್ಟೂ ಪಕ್ಕಾ.
'ಯೂಶ್ವಲಿಗೆ ನೀವೊಂದು ಹೇಳಿ, ಮಿಸ್.'

ಬೋರ್ಡಿಗೆ ತಿರುಗಿ, ಯೋಚಿಸದೆ ಬರೆದೆ:
'ನಮ್ಮಪ್ಪ ಯೂಶ್ವಲಿ ಸಮುದ್ರದಿಂದ ಮನೆಗೆ ಬರುತ್ತಿದ್ದರು.'

ಕರ್ತೃ, ವಿಶೇಷಣ, ಕ್ರಿಯೆ. ಒಂದೂ ತಪ್ಪಿಲ್ಲ.
ಹಿಂದಿನ ಮೇಜು ಕಿಸಕ್ಕೆಂದಿತು.

ಮೂರು ವಾರಕ್ಕೊಮ್ಮೆ ಬರುತ್ತಿದ್ದರು, ಬೂಟು ಹೊರಗೇ ಬಿಟ್ಟು,
ಐಸ್‌ಲ್ಯಾಂಡಿನ ಚಳಿಯನ್ನು ನನ್ನ ಕೆನ್ನೆಗೆ ಒರೆಸುತ್ತ.
ಆ ವಾಕ್ಯದಲ್ಲಿ ಆಗ ಆಲ್‌ವೇಸ್ ಕೂತಿತ್ತು.
ನನಗೆ ಒಂಬತ್ತು ತುಂಬಿದ ಫೆಬ್ರವರಿಯಲ್ಲಿ ಎದ್ದುಹೋಯಿತು.
ಖಾಲಿ ಕುರ್ಚಿಯಲ್ಲಿ ನೆವರ್ ಕೂರಲು
ಅಮ್ಮ ಬಿಡಲಿಲ್ಲ, ತಾನು ಸಾಯುವ ತನಕ.
ರಾತ್ರಿ ಬಾಗಿಲಿಗೆ ಅಗುಳಿಯನ್ನೂ ಹಾಕಲಿಲ್ಲ.
ಅಳಿಸಲು ಕೈ ಎತ್ತಿದೆ. ಎಲ್ಲರೂ ತಲೆ ತಗ್ಗಿಸಿ
ಬರೆದುಕೊಳ್ಳುತ್ತಿದ್ದರು, ನಿಧಾನ, ಅಕ್ಷರ ಅಕ್ಷರ.
ಹದಿನಾಲ್ಕು ನೋಟುಬುಕ್ಕುಗಳಲ್ಲಿ ನಮ್ಮಪ್ಪ
ಒಟ್ಟೊಟ್ಟಿಗೆ ಮನೆಗೆ ಬರುತ್ತಿದ್ದರು.
ದೈನೋರಾ ಮಾತ್ರ ಬರೆಯದೆ ನನ್ನನ್ನೇ ನೋಡಿದಳು.

ಎಂಟೂವರೆಗೆ ಕುರ್ಚಿಗಳು ಕಿರ್ರೆಂದವು.
ವೈದೋತಾಸ್ ತಿದ್ದಿದ ಅರ್ಜಿ ಮುಂದೆ ಹಿಡಿದ:
'ಬಾಲ ಕತ್ತರಿಸಿದೆ, ಮಿಸ್.
ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.'