ತೂಕ ಹಾಕುವವಳು

ಶನಿವಾರದ ಕೊನೆಯ ಪಿರಿಯಡ್ಡು ನನ್ನ ಪಾಲಿಗೆ ಬಂತು,
ಡ್ರಿಲ್ ಮೇಷ್ಟ್ರಿಗೆ ಬೇರೇನು ಕೆಲಸ ಅಂತ.
"ಮಕ್ಕಳಿಗೆ ಮುಂದಿನ ದಾರಿ ತೋರ್ಸಿ" ಅಂದರು ಹೆಡ್ಮಾಸ್ಟರು,
ಒಂದು ಚಾರ್ಟು, ನಲವತ್ತೊಂದು ಫಾರಂ ಕೈಗಿಟ್ಟರು.
ನನಗೆ ಗೊತ್ತಿದ್ದ ದಾರಿ
ದುದ್ದದ ಹೈಸ್ಕೂಲು ಮೈದಾನದಲ್ಲಿ ಸುಣ್ಣ ಎಳೆದ ಇನ್ನೂರು ಮೀಟರು:
ಎಷ್ಟು ಓಡಿದರೂ ಹೊರಟಲ್ಲಿಗೇ ಬರುವುದು.

ಚಾರ್ಟಿನ ಬುಡದಲ್ಲಿ ಎಸ್ಸೆಸ್ಸೆಲ್ಸಿ,
ಅಲ್ಲಿಂದ ಬಾಣಗಳು. ಪ್ರತಿ ಬಾಣದ ತುದಿಗೂ
ನಗುತ್ತ ನಿಂತ ಒಬ್ಬ ಮನುಷ್ಯ,
ಕೊರಳಲ್ಲಿ ಸ್ಟೆತಾಸ್ಕೋಪು, ಇಲ್ಲವೇ ತಲೆಗೆ ಹಳದಿ ಟೋಪಿ.
ಯಾರ ಅಂಗಿಯೂ ಮಾಸಿಲ್ಲ.

ಫಾರಂ ತುಂಬಿದರು. ಹದಿನಾಲ್ಕು ಪೊಲೀಸು
(ನನ್ನ ಸೀಟಿಯ ಪ್ರಭಾವ ಇರಬೇಕು),
ಒಂಬತ್ತು ನರ್ಸು. ಹಿಂದಿನ ಬೆಂಚಿನ ಲೋಹಿತ
ಮುಂದಿನ ಹುಡುಗಿಯದು ಕದ್ದು ನೋಡಿ
ಗಗನಸಖಿಯಾಗಿದ್ದ.
"ಸಾರ್, ನೀವೂ ಡ್ರಿಲ್ ಮೇಷ್ಟ್ರಾಗ್ತೀನಿ ಅಂತ ಬರ್ದಿದ್ರಾ?" ಅಂದ ತೌಫೀಕ.
ಬರೆದಿರಲಿಲ್ಲ. ಕಬಡ್ಡಿಯಲ್ಲಿ ಮಂಡಿ ಹೋಯಿತು, ಹೀಗಾದೆ.
ಅದನ್ನವನಿಗೆ ಹೇಳಲಿಲ್ಲ.

ಇಪ್ಪತ್ತೆಂಟನೆಯದು ಡಿ. ಎಂ. ಸಿಂಚನಳದು.
'ಏನಾಗಲು ಬಯಸುವಿರಿ?' ಎಂಬುದರ ಮುಂದೆ
ದುಂಡಗೆ, ಒಂದಕ್ಷರ ಹೊಡೆದುಹಾಕದೆ:
ತೂಕ ಹಾಕುವವಳು.

ನಕ್ಕೆ. ಅವಳಿಗೆ ಕೇಳಿಸಿತು. ಕರೆದೆ.
"ಎಲ್ಲಿ ತೂಕ?"
"ಮಂಡೀಲಿ ಸಾರ್. ಹಾಸನದ ಆಲೂಗೆಡ್ಡೆ ಮಂಡೀಲಿ."
ಅವಳವ್ವ ಅಲ್ಲಿ ಗೆಡ್ಡೆ ಆಯುತ್ತಾಳೆ:
ದಪ್ಪನೆಯದು ಬೇರೆ, ಗೋಲಿಯಷ್ಟಿರುವುದು ಬೇರೆ,
ಗುದ್ದಲಿ ತಾಗಿದ್ದು ಬೇರೆ. ಚೀಲಕ್ಕಿಷ್ಟು ಕೂಲಿ.
"ಚೀಲ ನಲವತ್ತೈದು ಕೇಜಿ ಅಂತಾರೆ. ಅಲ್ಲ ಸಾರ್."
"ನಿಂಗೆ ಹೆಂಗೆ ಗೊತ್ತು?"
"ನಮ್ಮಜ್ಜಿ ನಲವತ್ತೈದು. ಆಸ್ಪತ್ರೇಲಿ ಚೀಟಿ ಬರ್ಕೊಟ್ಟವ್ರೆ.
ದಿನಾ ನಾನೇ ಎತ್ತಿ ಜಗಲಿ ಮೇಲೆ ಕೂರಿಸ್ತೀನಿ.
ಚೀಲ ಅಜ್ಜಿಗಿಂತ ಭಾರ."

ಚಾರ್ಟು ನೋಡಿದೆ, ಬುಡದಿಂದ ತುದಿಗೆ,
ತುದಿಯಿಂದ ಬುಡಕ್ಕೆ.
ಅಜ್ಜಿಯನ್ನು ಎತ್ತಿದ ಕೈಗೆ
ಒಂದು ಬಾಣವೂ ಇರಲಿಲ್ಲ.

ಸೋಮವಾರ ವಾಲಿಬಾಲ್ ನೆಟ್ಟಿನ ನೆಪ ಮಾಡಿ ಹಾಸನಕ್ಕೆ ಹೋದೆ.
ಕಾನೂನು ಮಾಪನಶಾಸ್ತ್ರ ಅಂತೊಂದು ಬೋರ್ಡು,
ಜಮೀನು ಅಳೆಯುವವರು ಅಂದುಕೊಂಡಿದ್ದೆ ಇಷ್ಟು ವರ್ಷ.
ಮೂರು ಮಹಡಿ. ಒಳಗೊಬ್ಬರು
ಹಿತ್ತಾಳೆ ಬಟ್ಟನ್ನು ಹತ್ತಿಬಟ್ಟೆಯಲ್ಲಿ ಒರೆಸುತ್ತಿದ್ದರು,
ಮಗುವಿನ ಮುಖ ಒರೆಸಿದ ಹಾಗೆ.
"ತಕ್ಕಡಿಗೆ ಸೀಲು ಒತ್ತೋದು, ಮೋಸ ಇದ್ರೆ ಹಿಡಿಯೋದು.
ಫಿಸಿಕ್ಸ್ ಇರೋ ಡಿಗ್ರಿ ಬೇಕು, ಆಮೇಲೆ ಪರೀಕ್ಷೆ.
ಯಾರಿಗೆ, ನಿಮಗಾ?"

ಮುಂದಿನ ಶನಿವಾರ ಕೆಂಪು ಪೆನ್ನಲ್ಲಿ
ಚಾರ್ಟಿಗೊಂದು ಬಾಣ ಬರೆದೆ. ಹಗ್ಗ ಹಿಡಿಯದೆ ಎಳೆದ ಗೆರೆ, ಸೊಟ್ಟ.
ತುದಿಗೆ ತಕ್ಕಡಿ; ಮಕ್ಕಳು ಕೊಡೆ ಅಂದರು.
ಸಿಂಚನಳಿಗೆ ಎಲ್ಲ ಹೇಳಿದೆ: ಪಿಯುಸಿ, ಡಿಗ್ರಿ,
ವಿಜ್ಞಾನದಲ್ಲಿ ಈಗಿನ ಮೂವತ್ತೆಂಟು ಸಾಲದು ಅನ್ನುವುದನ್ನೂ.
ಅವಳು ತಲೆಯಾಡಿಸಲಿಲ್ಲ. ತೂಗಿದಳು.
ಆಮೇಲೆ ಕೇಳಿದಳು:
"ಅವ್ರು ಮಂಡಿಗೆ ಹೇಳಿ ಬರ್ತಾರಾ ಸಾರ್, ಹೇಳ್ದೆ ಬರ್ತಾರಾ?"

ಅದನ್ನು ನಾನು ಕೇಳಿರಲಿಲ್ಲ.
'ಮಾರ್ಗದರ್ಶಕರ ಅಭಿಪ್ರಾಯ' ಇನ್ನೂ ಖಾಲಿ ಇದೆ.
ಮತ್ತೆ ಮೂರು ಮಹಡಿ ಹತ್ತಬೇಕು, ಮಂಡಿ ನೋಯುತ್ತದೆ ಅಂದೆ.
"ಯಾವ ಮಂಡಿ ಸಾರ್?" ಅಂದ ತೌಫೀಕ.
ಬೆಲ್ಲು ಹೊಡೆಯಿತು.