ಪಾಳಿಯ ಮಂಚ

ಫೋರ್ಟಿನ ಹೋಟೆಲುಗಳಲ್ಲಿ ಲೋಟ ತೊಳೆದು
ಬೆರಳ ತುದಿ ಸುಕ್ಕುಗಟ್ಟಿದ ಹದಿನೇಳು ಮಂದಿ
ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದೆವು.
ಹಗಲಿಡೀ ಬಣ್ಣದ ಕಾರ್ಖಾನೆಯಲ್ಲಿ ದುಡಿದು ಬಂದ
ಸಾಲ್ಯಾನ್ ಮೇಷ್ಟ್ರ ಉಗುರಲ್ಲಿ ನೀಲಿ.
ಬೋರ್ಡಿನ ಮೇಲೆ ಎರಡು ವೃತ್ತ, ಒಂದರೊಳಗೊಂದು ಕೊಂಚ ಹಾಯ್ದು;
ಹಾಯ್ದ ಜಾಗದಲ್ಲಿ ಎರಡು ಚುಕ್ಕಿ.

"ಉಪ್ಪಿನ ಕಥೆ ಬೇರೆ ಮಾರಾಯ್ರೆ,
ಅಲ್ಲಿ ಒಬ್ಬ ಕೊಟ್ಟ, ಒಬ್ಬ ತಕೊಂಡ, ಲೆಕ್ಕ ಚುಕ್ತಾ.
ಇಲ್ಲಿ ಇಬ್ಬರಿಗೂ ಒಂದೊಂದು ಕಡಿಮೆ.
ಇದ್ದ ಒಂದೊಂದನ್ನು ತಂದು ನಡುವೆ ಇಟ್ಟರು. ಈಗ ಎಣಿಸಿ:
ಇವನಿಗೂ ಎರಡು, ಅವನಿಗೂ ಎರಡು."

"ಒಟ್ಟು ನಾಲ್ಕಾಯ್ತಲ್ಲ ಸಾರ್, ಇನ್ನೆರಡು ಎಲ್ಲಿಂದ?"
ಗಲ್ಲಾದಲ್ಲಿ ಕೂರುವ ಐತಪ್ಪ ಗುಜರನ್ ಕೇಳಿದ.
ಎಲ್ಲ ನಕ್ಕರು. ನನಗೆ ಆ ಲೆಕ್ಕ ಗೊತ್ತಿತ್ತು.

ಲಾಲ್‌ಬಾಗಿನ ಚಾಳಿನಲ್ಲಿ, ಮೂರನೆಯ ಮಾಳಿಗೆ,
ನನಗೂ ದತ್ತು ಪಾಂಚಾಳನಿಗೂ ಒಂದೇ ಮಂಚ.
ಬಾಡಿಗೆ ಅವನು ಹನ್ನೆರಡು, ನಾನು ಹನ್ನೆರಡು.
ಅವನಿಗೆ ಗಿರಣಿಯ ರಾತ್ರಿಪಾಳಿ; ರಜೆಗೆ ಕುರ್ಲಾದ ಅಕ್ಕನ ಮನೆ.
ಕೇಳಿದವರಿಗೆ ಇಬ್ಬರೂ ಹೇಳುತ್ತಿದ್ದೆವು,
ನನಗೊಂದು ಮಂಚವಿದೆ.

ಮುಖಕ್ಕಿಂತ ಮೊದಲು ತಿಳಿದದ್ದು
ದಿಂಬಿನ ಕೊಬ್ಬರಿ ಎಣ್ಣೆ, ಚಾದರಕ್ಕಂಟಿದ ಹತ್ತಿಯ ಎಳೆ.
ಅವನು ನನ್ನನ್ನು ಓದಿದ್ದು ಸಾಂಬಾರಿನ ವಾಸನೆಯಿಂದ ಇರಬೇಕು.
ಮಂಚದ ತಗ್ಗು ಅವನ ಕಡೆಗೇ ಜಾಸ್ತಿ; ಭಾರದ ಆಸಾಮಿ.
ನೀರಿನಲ್ಲೂ ಹಾಗಂತೆ,
ಆಕ್ಸಿಜನ್ ಜೋಡಿಯನ್ನು ತನ್ನತ್ತ ಎಳಕೊಳ್ಳುತ್ತದೆ,
ಆ ಓರೆಯಿಲ್ಲದಿದ್ದರೆ ನೀರಿಗೆ ನೀರಿನ ಗುಣವಿಲ್ಲ.
ನಾನು ಜಗಳಕ್ಕೆ ಹೋಗಲಿಲ್ಲ.

ಒಂದು ರಾತ್ರಿ ಭೋಂಗಾ ಕೂಗಲಿಲ್ಲ. ಗಿರಣಿಗೆ ಬೀಗ.
ಬಾಗಿಲು ತಳ್ಳಿದರೆ ಮಂಚದ ಮೇಲೆ ಮನುಷ್ಯ.
"ತೂಚ್ ಕಾ?" ಅಂದ. "ಹೋ," ಅಂದೆ.
ಏಳು ತಿಂಗಳಿಗೆ ಮೊದಲ ಮಾತು.
ಪಕ್ಕಪಕ್ಕ ಮಲಗಿದರೆ ಮೊಣಕೈಗೆ ಮೊಣಕೈ.
ಕೊನೆಗೆ ಅವನು ತಿರುಗಿ ಮಲಗಿದ:
ನನ್ನ ತಲೆಯ ಬಳಿ ಅವನ ಪಾದ, ಅವನ ತಲೆಯ ಬಳಿ ನನ್ನದು.
ಒಂದೇ ಮನೆಯಲ್ಲಿ ಎರಡು ಎಲೆಕ್ಟ್ರಾನ್ ಇರಬೇಕಾದರೆ
ಒಂದು ಹೀಗೆ, ಇನ್ನೊಂದು ಹಾಗೆ ತಿರುಗಬೇಕು —
ಆ ಪಾಠ ನಮಗೆ ದೀಪಾವಳಿಯ ಮೇಲೆ ಬಂತು.

ಬಂಧ ಬಿಡಿಸಲು ಶಕ್ತಿ ಬೇಕು ಎಂದೂ ಬರೆದುಕೊಂಡಿದ್ದೆ.
ಎಷ್ಟೆಂದು ಮೇಷ್ಟ್ರು ಹೇಳಿರಲಿಲ್ಲ.
ದತ್ತು ಟ್ರಂಕು ಹೊತ್ತು ಕೊಂಕಣದ ಬಸ್ಸು ಹಿಡಿದ.
ಇಪ್ಪತ್ತನಾಲ್ಕೂ ನನ್ನ ಮೇಲೆ ಬಿತ್ತು, ಇಡೀ ಮಂಚವೂ;
ಮಗ್ಗುಲಾದಾಗಲೆಲ್ಲ ಅದೇ ತಗ್ಗಿಗೆ ಜಾರುತ್ತಿದ್ದೆ.

ಮಾರ್ಚಿಯಲ್ಲಿ ಪರೀಕ್ಷೆ.
ಸಹವೇಲೆನ್ಸಿ ಬಂಧ ಎಂದರೇನು? ಚಿತ್ರ ಸಹಿತ, ಎರಡು ಅಂಕ.
ವೃತ್ತ ಬರೆದೆ, ಚುಕ್ಕಿ ಇಟ್ಟೆ,
ಸ್ವಲ್ಪ ಅವನ ಕಡೆಗೆ ಸರಿಸಿ.