ಹತ್ತೊಂಬತ್ತು

ಟೋರ್ಸ್‌ಹಾವ್ನ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಗಾಜಿನ ಹಿಂದೆ ಕೂತು
ತುಮ್ಮಾಸನ ಪರವಾಗಿ ಉಸಿರಾಡುವವನು ನಾನು.
ಅವನು ರಬ್ಬರು. ಮೂವತ್ತೆಂಟು ಕಿಲೋ.
ಕಾಲಿಗೆ ಉಣ್ಣೆಯ ಕಾಲುಚೀಲ,
ಅಡುಗೆಮನೆಯ ಗುನ್ವೋರ್ ಹೆಣೆದು ಕೊಟ್ಟದ್ದು:
ಬರಿಗಾಲಲ್ಲಿ ಮಲಗಿಸಿದರೆ ಹೆಣದ ಹಾಗೆ ಕಾಣುತ್ತಾನಂತೆ.

ಇಪ್ಪತ್ತಾರು ವರ್ಷ ಮೀನು ಹಡಗಿನಲ್ಲಿ ರೇಡಿಯೊ ಹಿಡಿದಿದ್ದೆ.
ಮೊಣಕಾಲು ಹೋಯಿತು, ಇಲ್ಲಿಗೆ ಬಂದೆ.
ಈಗ ಒಂದು ಗುಂಡಿ ತಿರುಗಿಸಿದರೆ ಜ್ವರ,
ಇನ್ನೊಂದಕ್ಕೆ ನಾಡಿ ಓಡುತ್ತದೆ,
ಮೈಕು ಒತ್ತಿ ಅವನಿಗಾಗಿ ನರಳುತ್ತೇನೆ.
ಈ ವರ್ಷ ಅವನನ್ನು ನಲವತ್ತೊಂದು ಸಲ ಕೊಂದಿದ್ದೇನೆ.
ಸಂಬಳಕ್ಕೆ.

ಇವತ್ತಿನ ಕತೆ ಕಟ್ಟಿದ್ದಲ್ಲ.
ಹೋದ ವರ್ಷ ಮಾರ್ಚಿನಲ್ಲಿ,
ಮಂಜಿಗೆ ಹೆಲಿಕಾಪ್ಟರ್ ಏಳದ ರಾತ್ರಿ,
ಮೂರನೇ ಮಂಚದಲ್ಲಿ ನಡೆದದ್ದು.
ಆ ಮನುಷ್ಯನ ಹೆಸರು ತೆಗೆದಿದ್ದೇವೆ, ವಯಸ್ಸು ಬದಲಿಸಿದ್ದೇವೆ.
ಆದರೆ ಅವತ್ತಿನ ನರ್ಸು ರಾನ್ವಾ
ಇವತ್ತೂ ಅದೇ ಎಡಬದಿಗೆ ಬಂದು ನಿಂತಳು.
ಅಲ್ಲಿ ನಿಲ್ಲೆಂದು ಯಾರೂ ಹೇಳಿರಲಿಲ್ಲ.

ಮೈಯನ್ನು ಮಗ್ಗುಲಿಗೆ ತಿರುಗಿಸಿದರು.
ಗಂಟಲಿನ ಕೊಳವೆ ನಾಲ್ಕು ಸೆಂಟಿಮೀಟರ್ ಜಾರಿತು
(ಪಟ್ಟಿ ಸಡಿಲ ಮಾಡಿಟ್ಟವನು ನಾನೇ).
ಹಲ್ಲಿನ ಹತ್ತಿರ ಇಪ್ಪತ್ಮೂರು ಇರಬೇಕಾದಲ್ಲಿ
ಹತ್ತೊಂಬತ್ತು.
ಪರದೆಯ ಮೇಲಿನ ಉಸಿರಿನ ಗುಡ್ಡಗಳನ್ನು
ಒಂದೊಂದಾಗಿ ಮಟ್ಟ ಮಾಡಿದೆ.
ತೊಂಬತ್ನಾಲ್ಕು. ಎಂಬತ್ತೆಂಟು.
ಡಾಕ್ಟರ್ ಬೈನಿರ್ ಬೆರಳಿನ ಕ್ಲಿಪ್ಪು ಸರಿಮಾಡಿದ,
ಯಂತ್ರಕ್ಕೆ ಬೈದ,
ಕೂಗುವ ಅಲಾರಮಿನ ಬಾಯಿ ಮುಚ್ಚಿಸಿದ.
ಎಂಬತ್ತೊಂದು.

ಗಾಜಿನ ಈಚೆಯಿಂದ ಕಂಡೆ:
ರಾನ್ವಾಳ ಕಣ್ಣು ಆ ಅಂಕಿಯ ಮೇಲೆಯೇ ಇದೆ.
ತುಟಿ ಬಿಚ್ಚಿತು. ಮುಚ್ಚಿತು.
ಎಪ್ಪತ್ತು.
ಗುಂಡಿಯ ಮೇಲೆ ನನ್ನ ಬೆರಳು ಬೆವರಿತು.
ಕೊಂದೆ.

ಆಮೇಲೆ ಕುರ್ಚಿ ಎಳೆದು ದುಂಡಗೆ ಕೂತರು. ಕಾಫಿ.
ಇಲ್ಲಿ ತಪ್ಪು ಯಾರದೆಂದು ಕೇಳುವುದಿಲ್ಲ,
ಏನು ಕಂಡಿತು ಎಂದು ಕೇಳುತ್ತೇವೆ.
"ನನಗೆ ಯಾರೂ ಹೇಳಲಿಲ್ಲ" ಎಂದ ಬೈನಿರ್.
"ನೀವು ಬೆನ್ನು ಹಾಕಿದ್ದಿರಿ" ಎಂದಳು ರಾನ್ವಾ,
ಕೈಯಲ್ಲಿದ್ದ ಲೋಟಕ್ಕೆ ಹೇಳಿದಂತೆ.
"ಅವತ್ತೂ."

ಆ ಒಂದು ಪದ ಮೆಟ್ಟಿಲಿಳಿದು ಬರಲು
ಹದಿನಾಲ್ಕು ತಿಂಗಳು ಹಿಡಿದಿತ್ತು.

ನಾನು ಮಾತಿನವನಲ್ಲ, ಗುಂಡಿಯವನು.
ಆದರೂ ಅಂದೆ: ಹಡಗಿನಲ್ಲಿ ಕಪ್ತಾನ
'ಎಡಕ್ಕೆ ಹತ್ತು' ಅಂದರೆ
ಚುಕ್ಕಾಣಿಯವನೂ 'ಎಡಕ್ಕೆ ಹತ್ತು' ಅನ್ನಬೇಕು.
ಗಿಳಿಪಾಠವಲ್ಲ, ಕಡಲಿನ ಸದ್ದು ಅಷ್ಟಿರುತ್ತದೆ.
ಬಂಡೆ ಕಂಡರೆ ಅಡುಗೆಯ ಹುಡುಗನೂ ಬಂಡೆ ಎಂದು ಕೂಗಬೇಕು,
ಕಪ್ತಾನನ ಮರ್ಯಾದೆ ದಡ ಸೇರಿದ ಮೇಲೆ.
ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಮಂಚದ ಪಕ್ಕದಲ್ಲಿ
ಆಡದಿದ್ದರೆ ಹೋಯಿತು.

ಬೈನಿರ್ ನಗಲಿಲ್ಲ. ಎದ್ದು ತೋಳು ಮಡಚಿ
"ಮತ್ತೊಮ್ಮೆ" ಎಂದ.

ತುಮ್ಮಾಸನಿಗೆ ಜೀವ ಕೊಟ್ಟೆ.
ಮತ್ತೆ ಮಗ್ಗುಲು. ಮತ್ತೆ ಜಾರಿತು.
ತೊಂಬತ್ನಾಲ್ಕು.
"ಹತ್ತೊಂಬತ್ತು" ಅಂದಳು,
ಉಣ್ಣೆಯೊಳಗಿನಿಂದ ಬಂದ ದನಿ.
ಬೈನಿರ್ ಪರದೆಯನ್ನೇ ನೋಡುತ್ತಿದ್ದ;
ಹಳೆಯ ಅಭ್ಯಾಸ ಒಂದು ಕಾಫಿಗೆ ಸಾಯುವುದಿಲ್ಲ.
"ಹತ್ತೊಂಬತ್ತು! ಕೊಳವೆ ಹೊರಗೆ ಬಂದಿದೆ!"
ತಿರುಗಿದ. "ಹತ್ತೊಂಬತ್ತು" ಎಂದು ಮರಳಿ ನುಡಿದ.
"ಮಾಸ್ಕು." "ಮಾಸ್ಕು, ತಗೊಳ್ಳಿ."
ಗುಡ್ಡಗಳನ್ನು ಒಂದೊಂದಾಗಿ ಎಬ್ಬಿಸಿದೆ.
ಆ ಗುಂಡಿ ಅಷ್ಟು ಹಗುರವೆಂದು
ನನಗೆ ಗೊತ್ತಿರಲಿಲ್ಲ.

ರಾನ್ವಾ ಅಳಲಿಲ್ಲ.
ತುಮ್ಮಾಸನ ಒಂದು ಕಾಲುಚೀಲ ಜಾರಿತ್ತು,
ಎಳೆದು ಸರಿಮಾಡಿದಳು,
ಪಾಳಿಗೆ ಹೊತ್ತಾಯಿತೆಂದು ಮೇಲೆ ಹೋದಳು.

ಮೂರನೇ ಮಂಚದಲ್ಲಿ ಇವತ್ತೂ ಯಾರೋ ಮಲಗಿದ್ದಾರೆ.
ಅಲ್ಲಿ ಏನೂ ಆಗದಿದ್ದರೆ
ನನಗೆ ಸುದ್ದಿ ಬರುವುದಿಲ್ಲ.
ದೀಪ ಆರಿಸಿ, ಬ್ಯಾಟರಿ ಚಾರ್ಜಿಗೆ ಹಾಕಿ,
ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದೇನೆ,
ರೇಡಿಯೊದವನ ಚಟ,
ಏನೂ ಕೇಳಿಸುತ್ತಿಲ್ಲ.